ಕಾಲು ತಾಗಬಾರದ ಸೀಟು

ಫೆಬ್ರವರಿ 11, ಬೆಳಗ್ಗೆ

ಬಾಗಿಲ ಮುಂದಿನ ಹಿಮ ತೋಡಿದ್ದಾಯಿತು. ಎರಡು ಸಲ. ಮೊದಲ ಸಲ ತೋಡಿದ ಜಾಗಕ್ಕೆ ಸೂರಿನ ಹಿಮ ಜಾರಿ ಬಿತ್ತು. ಜಪಾನಿನ ಈ ನೀಗಾತಾದಲ್ಲಿ ಹಿಮ ತೋಡುವುದೂ ಒಂದೇ, ವಾರಪತ್ರಿಕೆಗೆ ಹಾಸ್ಯ ಅಂಕಣ ಬರೆಯುವುದೂ ಒಂದೇ — ಮುಗಿಯಿತು ಎಂದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮುಂದಿನದು ತಲೆಯ ಮೇಲೆ.

ಒಳಗೆ ಬಂದರೆ ಶಿಗೆನೊರಿ ಮಹಾಶಯರು ಬಿಸಿ ಮೇಜಿನ ಹೊದಿಕೆಯೊಳಗೆ ಕಾಲು ತೂರಿಸಿಕೊಂಡು, ಕಿತ್ತಳೆ ಸುಲಿಯುತ್ತ, ಬೈಕಿನ ಕ್ಯಾಟಲಾಗು ಓದುತ್ತಿದ್ದಾರೆ. ಈಗೀಗ ಓದುವಾಗ ಕಣ್ಣಲ್ಲ, ಇಡೀ ತಲೆ ಸಾಲಿನಿಂದ ಸಾಲಿಗೆ ಹೊರಳುತ್ತದೆ. ಗ್ಲಾಕೋಮಾ. ನೇರ ಎದುರಿಗಿರುವುದು ಸ್ಪಷ್ಟ, ಪಕ್ಕದ್ದು ಮಂಜು. (ಪಕ್ಕದಲ್ಲಿರುವವಳು ನಾನು. ಮದುವೆಯಾದಾಗಿನಿಂದ ಹೀಗೇ ಇತ್ತು, ಈಗ ಡಾಕ್ಟರು ಹೆಸರಿಟ್ಟಿದ್ದಾರೆ.)

ನವೆಂಬರಿನಲ್ಲಿ ಲೈಸೆನ್ಸನ್ನು ತಾವೇ ಹೋಗಿ ಪೊಲೀಸರಿಗೆ ಹಿಂದಿರುಗಿಸಿ ಬಂದರು. ಬದಲಿಗೆ ಒಂದು ಕಾರ್ಡು ಸಿಕ್ಕಿತು, ತೋರಿಸಿದರೆ ಟ್ಯಾಕ್ಸಿಯಲ್ಲಿ ರಿಯಾಯಿತಿ. ಅದನ್ನು ಇದುವರೆಗೆ ಯಾರಿಗೂ ತೋರಿಸಿಲ್ಲ. ಬೈಕು ಮಾರಿದರು. ಅಂದಿನಿಂದ ಬಸ್‌ಸ್ಟಾಪಿನ ಆಚೆಗೆ ಹೋದದ್ದು ಕಣ್ಣಿನ ಆಸ್ಪತ್ರೆಗೆ ಮಾತ್ರ.

ಅದಕ್ಕೇ ನಾನು ಆ ತಿಂಗಳೇ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದು. ಕಾಲೇಜಿನಲ್ಲಿದ್ದಾಗ ತೆಗೆದ ಸಣ್ಣ ಬೈಕಿನ ಲೈಸೆನ್ಸು ಇತ್ತು, ಓಡಿಸಿದ್ದು ಇಲ್ಲ. ಇಂಥವರಿಗೆ ನಮ್ಮ ಕಡೆ ಪೇಪರ್ ಡ್ರೈವರ್ ಅನ್ನುತ್ತಾರೆ. ಪೇಪರಿನಲ್ಲಿ ಬರೆದು ಬದುಕುವವಳಿಗೆ ಇದಕ್ಕಿಂತ ಒಪ್ಪುವ ಬಿರುದಿಲ್ಲ. ಈಗ ಐವತ್ತೇಳನೆಯ ವಯಸ್ಸಿನಲ್ಲಿ ದೊಡ್ಡ ಬೈಕಿನ ಲೈಸೆನ್ಸು. ಮೊದಲ ಪಾಠವೇ ಬಿದ್ದ ಬೈಕನ್ನು ಎತ್ತುವುದು. ಗಂಡನನ್ನು ಎತ್ತುವ ಪಾಠ ಪಠ್ಯದಲ್ಲಿ ಇರಲಿಲ್ಲ.

ಜುಲೈಯಲ್ಲಿ ಉತ್ತರದ ದ್ವೀಪ ಹೊಕ್ಕೈದೊಗೆ. ಹಡಗಿನಲ್ಲಿ ಒಟಾರು ಬಂದರಿಗೆ, ಅಲ್ಲಿಂದ ಉತ್ತರದ ತುದಿಗೆ. ಇಬ್ಬರು, ಎರಡು ವಾರದ ಸಾಮಾನು, ಒಂದು ಬೈಕು. ಅವರು ಗೆಳೆಯರ ಜೊತೆ ಬೇಸಿಗೆ ಬೇಸಿಗೆ ಹೋಗಿ ಬಂದು ವರ್ಣಿಸಿದ ದಾರಿ. ನಾನು ಕಂಡದ್ದು ಅವರು ತರುತ್ತಿದ್ದ ಒಣಗಿದ ಮೀನನ್ನು.

"ರೀ, ಯಾವುದು ಇಷ್ಟ ಆಯ್ತು?"

"ಇದು. ಹ್ಯಾಂಡಲ್ ಹತ್ರ ಬರುತ್ತೆ, ಗಾಳಿ ಹೊಡೆಯಲ್ಲ."

"ಹ್ಯಾಂಡಲ್ ನನ್ನದು. ನಿಮ್ಮ ಸೀಟು ಹೇಗಿದೆ, ಅದು ಹೇಳಿ."

ಕಿತ್ತಳೆಯ ನಾರು ಒಂದೊಂದೇ ಬಿಡಿಸಿದರು. ಆಮೇಲೆ "ನೋಡೋಣ" ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಈ 'ನೋಡೋಣ'ದ ಅರ್ಥ ಒಂದೇ — ನೋಡುವುದಿಲ್ಲ.

ಬೈಕು ಆರಿಸುವುದು ಸುಲಭ. ಅದರ ಹಿಂದೆ ಕೂರಲು ಇವರನ್ನು ಒಪ್ಪಿಸುವುದು... ರಾಜಕೀಯದವರಿಗೇ ಸೀಟು ಬಿಟ್ಟುಕೊಡಲು ಆಗುವುದಿಲ್ಲ, ಇವರು ಪಾಪ ಅಕ್ಕಿ ಬಿಸ್ಕತ್ತಿನ ಕಾರ್ಖಾನೆಯಿಂದ ನಿವೃತ್ತರಾದವರು.

ಫೆಬ್ರವರಿ 23

ಹೊಸೋಯಾ-ಸಾನ್ ಅವರ ಬೈಕಿನ ಅಂಗಡಿ. ಇವರ ಹಳೆಯ ಬೈಕು ಮಾರಿದ್ದೂ ಅಲ್ಲಿಯೇ. 'ಬರಲ್ಲ, ಬರಲ್ಲ' ಎನ್ನುತ್ತಲೇ ಮೊದಲು ಬೂಟು ಹಾಕಿಕೊಂಡು ನಿಂತವರು ಇವರು.

"ಬನ್ನಿ ಶಿಗೆ-ಸಾನ್, ಬನ್ನಿ. ಮಂಡಿ ಹೇಗಿದೆ?"

ಮಂಡಿ? ತಿರುಗಿ ನೋಡಿದೆ. ನಮ್ಮವರು ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ಅಂದರೆ ಬೈಕು ಮಾರಿದ್ದು ಮಂಡಿನೋವಿಗೆ. ಕಣ್ಣಿನ ವಿಷಯ ಅಂಗಡಿಯವರ ಕಣ್ಣಿಗೆ ಬಿದ್ದಿಲ್ಲ.

"ಪರವಾಗಿಲ್ಲ," ಅಂದರು ಇವರು, ಟೈರಿಗೆ.

"ಓಹೋ, ಅಮ್ಮಾವ್ರೂ ಬಂದಿದಾರೆ. ಹಿಂದಿನ ಸೀಟು ನೋಡೋಕಾ?"

"ಮುಂದಿನದು ನೋಡೋಕೆ," ಅಂದೆ.

"ಜೋಕು ಚೆನ್ನಾಗಿ ಮಾಡ್ತಾರೆ ನಿಮ್ಮ ಮನೆಯವ್ರು. ಪೇಪರಲ್ಲಿ ಬರೀತಾರಲ್ಲ, ಅದಕ್ಕೆ."

ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟೆ. ಹೊಸೋಯಾ-ಸಾನ್ ಅದನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಇವರನ್ನು ನೋಡಿದರು.

"ಅವಳಿಗೂ ಒಂದು ಆಸೆ," ಅಂದರು ಇವರು.

ನನಗೆ ಆಸೆ. ಆಯಿತು, ಬರೆದುಕೊಂಡೆ.

ಅಲ್ಲಿಂದ ನಾನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಇವರಿಗೆ ಹೋಯಿತು. ಭಾರ ಎಷ್ಟು ಎಂದು ನಾನು ಕೇಳಿದರೆ, "ನಿಮಗೆ ಏನೂ ಅನ್ಸಲ್ಲ ಶಿಗೆ-ಸಾನ್." ಸಾಮಾನಿನ ಪಕ್ಕದ ಪೆಟ್ಟಿಗೆಗಳು ಎಷ್ಟು ಅಗಲ ಎಂದರೆ, "ಶಿಗೆ-ಸಾನ್ ಸಂದಿಯಲ್ಲಿ ನುಗ್ಗೋರಲ್ಲ, ಬಿಡಿ." ಪಿಂಗ್‌ಪಾಂಗ್ ಆಟದಲ್ಲಿ ನಾನು ಹೊಡೆದ ಚೆಂಡು ನನ್ನ ಕಡೆಗೆ ಬರಲೇ ಇಲ್ಲ.

ಎರಡು ಬೈಕು ತೋರಿಸಿದರು. ಒಂದಕ್ಕೆ ಕೊಕ್ಕರೆ ಎಂದು ಹೆಸರಿಟ್ಟೆ. ಕಾಡಿಗೂ ಸೈ, ರಸ್ತೆಗೂ ಸೈ ಎನ್ನುವ ಎತ್ತರದ ಜಾತಿ. ಹಿಂದಿನ ಸೀಟು ಅಗಲ, ಪೆಟ್ಟಿಗೆಗಳು ಉಕ್ಕಿನವು. ಹತ್ತಿ ಕೂತೆ. ಕಾಲ್ಬೆರಳ ತುದಿ ನೆಲವನ್ನು ಹುಡುಕಿತು, ನೆಲ ಮನೆಯಲ್ಲಿ ಇರಲಿಲ್ಲ.

ಇನ್ನೊಂದು ಸೋಫಾ. ಹಿಂದೆ ಕೂರುವವರಿಗೆ ಬೆನ್ನಿಗೆ ದಿಂಬು, ತೋಳಿಗೆ ಆಸರೆ, ಪಾದಕ್ಕೆ ಹಲಗೆ. ಇವರು ದಿಂಬನ್ನು ಎರಡು ಸಲ ಒತ್ತಿ ನೋಡಿದರು. ನಾನು ನೋಡಿದೆ ಎಂದು ಗೊತ್ತಾದ ಕೂಡಲೇ ಕೈ ತೆಗೆದರು. ಆದರೆ ಗಾಡಿಯ ಭಾರ ನಮ್ಮಿಬ್ಬರ ಮೂರರಷ್ಟು. ನಿಲ್ಲಿಸಿದಲ್ಲಿಂದ ಅಲುಗಾಡಿಸಲು ನೋಡಿದೆ. ಅಲುಗಿದ್ದು ನನ್ನ ಬೆನ್ನುಮೂಳೆ.

ಮೂಲೆಯಲ್ಲಿ ಇವರ ಹಳೆಯ ಬೈಕು ಇನ್ನೂ ನಿಂತಿತ್ತು. ಅದನ್ನೇ ಮತ್ತೆ ಕೊಳ್ಳೋಣವೇ ಎಂದೆ.

"ಬೇಡ. ಹಿಂದಿನ ಸೀಟು ಬರೀ ಹಲಗೆ."

"ಗೊತ್ತು. ಒಂದು ಸಲ ಕೂತಿದ್ದೆ. ವಾಪಸ್ ರೈಲಲ್ಲಿ ಬಂದೆ."

ಮೊದಲ ಬಾರಿಗೆ ನಕ್ಕರು. ನಂತರ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅಂಗಿಯ ತೋಳಿನಿಂದ ಅದರ ಟ್ಯಾಂಕಿನ ಧೂಳು ಒರೆಸಿದರು.

ಮಾರ್ಚ್ 14

ಫೆಬ್ರವರಿಯಲ್ಲಿ ಕೊಟ್ಟ ಚಾಕೊಲೇಟಿಗೆ ಗಂಡಸರು ಉತ್ತರ ಕೊಡುವ ದಿನ. ಇವರಿಂದ ಒಂದು ಡಬ್ಬಿ ಪೆಪ್ಪರಮೆಂಟು ಬಂತು. ಉತ್ತರ ಬರಲಿಲ್ಲ. ಕೂರುತ್ತೀರೋ ಇಲ್ಲವೋ ಎಂದು ನೇರವಾಗಿ ಕೇಳಿದೆ.

"ಬಾಡಿಗೆ ಬೈಕ್ ತಗೊಂಡು ಒಂದು ಸಲ ನೋಡೋಣ."

ಇದು ಬೇರೆ 'ನೋಡೋಣ'. ದಿನಾಂಕ ಕೇಳಿದೆ. ಹಿಮ ಕರಗಲಿ ಎಂದರು. ಹಿಮಕ್ಕೂ ಇವರಿಗೂ ಒಳಒಪ್ಪಂದ ಇದೆ.

ಏಪ್ರಿಲ್ 6, ಸಂಜೆ

ಬರೆಯಬಾರದು ಎಂದುಕೊಂಡೆ. ಬರೆಯುತ್ತಿದ್ದೇನೆ.

ಬಾಡಿಗೆಗೆ ತಗ್ಗಾದ ಬೈಕು ಕೇಳಿ ತೆಗೆದುಕೊಂಡಿದ್ದೆ. ಮುಂದೆ, ಹಿಂದೆ ಒಂದೇ ಮಟ್ಟದ ಉದ್ದ ಸೀಟು. ನನ್ನ ಎರಡು ಪಾದವೂ ಪೂರ್ತಿ ನೆಲಕ್ಕೆ. ಇನ್ನೇನು ಬೇಕು. ಸಾಮಾನಿನ ಭಾರ ಪರೀಕ್ಷಿಸಲು ಪೆಟ್ಟಿಗೆಗಳಿಗೆ ಮನೆಯ ಅಕ್ಕಿ ಮೂಟೆ ತುಂಬಿಸಿದೆ — ಅಕ್ಕಪಕ್ಕ ಎರಡು ದೊಡ್ಡದು, ಮೇಲೆ ಒಂದು ಚಿಕ್ಕದು. ಗಂಡ ಅಸಾಮಾನ್ಯ, ಉಳಿದದ್ದು ಸಾಮಾನು.

ಸಮುದ್ರದ ದಂಡೆಯ ರಸ್ತೆ. ಚೆನ್ನಾಗಿಯೇ ಹೋಯಿತು. ನಾನು ಬ್ರೇಕು ಹಿಡಿಯುವ ಒಂದು ಕ್ಷಣ ಮೊದಲೇ ಬೆನ್ನ ಹಿಂದೆ ಇವರ ಬಲಗೈ ಬಿಗಿಯುತ್ತಿತ್ತು. ಹಿಂದೆ ಕೂತರೂ ಗಾಡಿ ಓಡಿಸುತ್ತಿದ್ದವರು ಅವರೇ. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಟಕ್ ಎಂದಾಗಲೆಲ್ಲ "ಸಾರಿ" "ಸಾರಿ" ಎಂದು ಇಬ್ಬರೂ ಒಟ್ಟಿಗೆ.

ದಾರಿಬದಿಯ ವಿಶ್ರಾಂತಿ ತಾಣದಲ್ಲಿ ಏಡಿ ಸಾರು ಕುಡಿದೆವು. ಹೊರಡುವಾಗ, ಗೇಟಿನ ಹತ್ತಿರ, ರಸ್ತೆಗಿಳಿಯುವ ಮುಂಚೆ ನಿಲ್ಲಿಸಿದೆ. ಎಡಗಾಲು ನೆಲಕ್ಕಿಟ್ಟೆ. ಬಲಗಡೆ ಸ್ವಲ್ಪ ಇಳಿಜಾರು. ಏನಾಯಿತೋ ಗೊತ್ತಿಲ್ಲ — ಗಾಡಿ ನಿಧಾನವಾಗಿ, ನಿದ್ದೆ ಬಂದವರ ಹಾಗೆ ಬಲಕ್ಕೆ ವಾಲಿತು. ತಡೆದೆ. ತಡೆಯಲಾಗಲಿಲ್ಲ. ಮಲಗಿತು.

ಓಡುವಾಗ ಬಿದ್ದವರನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ನಿಂತಲ್ಲೇ ಬಿದ್ದವರನ್ನು ಬೈಕಿನವರ ಕಥೆಗಳಿಗೆ ಸೇರಿಸುತ್ತಾರೆ. ಅದಕ್ಕೆಂದೇ ನಮ್ಮಲ್ಲೊಂದು ಪದವಿದೆ, ಹೇಳುವಾಗಲೇ ತುಟಿ ಅರ್ಧ ನಕ್ಕಿರುತ್ತದೆ. ನಲವತ್ತು ವರ್ಷದಲ್ಲಿ ಇವರಿಗೆ ಒಮ್ಮೆಯೂ ಆಗದ್ದನ್ನು ನಾನು ಇವರನ್ನು ಕೂರಿಸಿಕೊಂಡು ಮಾಡಿ ತೋರಿಸಿದೆ.

ಪೆಟ್ಟಿಗೆ ಬಾಯಿ ಬಿಟ್ಟಿತು. ಮೂಟೆ ಒಡೆಯಿತು. ತರಕಾರಿ ಮಾರುತ್ತಿದ್ದ ಅಜ್ಜಿ ಪೊರಕೆ ಹಿಡಿದು ಓಡಿ ಬಂದರು.

"ಯಾವ ಅಕ್ಕಿ ತಾಯಿ?"

"ಕೋಶಿಹಿಕಾರಿ."

"ಅಯ್ಯೋ, ಹೊಸ ಬೆಳೆನಾ?"

"ಹೌದಜ್ಜಿ."

"ಅನ್ಯಾಯ ಆಯ್ತಲ್ಲ," ಎಂದು ಅಜ್ಜಿ ನೆಲಕ್ಕೆ ಕೂತೇಬಿಟ್ಟರು. ನಮ್ಮ ಕೈಕಾಲು ನೆಟ್ಟಗಿವೆಯೇ ಎಂದು ನೀಗಾತಾದಲ್ಲಿ ಅಕ್ಕಿಯ ನಂತರ ಕೇಳುತ್ತಾರೆ. ಬಾಚಿದಷ್ಟು ಬಾಚಿದೆವು. ಉಳಿದ ಅಕ್ಕಿ ಹಕ್ಕಿಗೆ.

ಯಾರಿಗೂ ಗಾಯವಿಲ್ಲ. ಬ್ರೇಕಿನ ಹಿಡಿ ಬಾಗಿದೆ. ಮನೆಗೆ ಬಂದು ಇವರು ಹೆಲ್ಮೆಟ್ಟನ್ನು ಅದರ ಚೀಲಕ್ಕೆ ಹಾಕಿ, ದಾರ ಎಳೆದು, ಗಂಟು ಹಾಕಿದರು. ಎಂದೂ ಗಂಟು ಹಾಕುವವರಲ್ಲ.

ಏಪ್ರಿಲ್ 24

ಅಂಕಣ ಎರಡು ಹೋಯಿತು. ಎರಡೂ ನಗು ಬರಿಸುವಂತಿವೆ ಎಂದು ಸಂಪಾದಕರು ಹೇಳಿದರು. ಇರಬಹುದು.

ಹಡಗಿನ ಟಿಕೆಟ್ಟು ರದ್ದು ಮಾಡಬೇಕೆಂದು ಬೆಳಗ್ಗೆ ಫೋನು ಕೈಗೆ ತೆಗೆದುಕೊಂಡಿದ್ದೆ. ಸಂಗೀತ ಹಾಕಿ ಕಾಯಿಸಿದರು. ಇಟ್ಟುಬಿಟ್ಟೆ. ರಾತ್ರಿ ಊಟಕ್ಕೆ ಹುರಿದ ಮೀನು, ತುರಿದ ಮೂಲಂಗಿ. ಫೋನು ಮಾಡಿದ್ದು ಹೇಳಿದೆ.

"ನನ್ನ ಕೈಲಿ ಆಗಲ್ಲ ರೀ. ನಿಮ್ಮನ್ನ ಬೀಳಿಸಿಬಿಟ್ಟೆ. ಹೊಕ್ಕೈದೊಗೆ ಬೇಕಾದ್ರೆ ರೈಲಲ್ಲಿ ಹೋಗೋಣ."

ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು. ಅದರಲ್ಲಿ ಇನ್ನು ಮುಳ್ಳು ಇರಲಿಲ್ಲ.

"ಮಿನೆ."

"ಹ್ಞೂಂ."

"ಅವತ್ತು ಕಾಲು ಇಟ್ಟಿದ್ದು ನಾನು."

"ಯಾವತ್ತು?"

"ಅಕ್ಕಿ ದಿನ. ನೀನು ನಿಲ್ಸಿದೆಯಲ್ಲ, ನನ್ನ ಬಲಗಾಲು ಇಳಿದುಬಿಡ್ತು. ನಾನು ಇಳಿಸಿದ್ದಲ್ಲ, ಅದೇ ಇಳೀತು. ಅಲ್ಲಿ ಇಳಿಜಾರು. ಕಾಲು ನೆಲಕ್ಕೆ ತಾಗಿ ಜಾರಿಬಿಡ್ತು, ನನ್ನ ಭಾರ ಎಲ್ಲ ಆ ಕಡೆ ಬಂತು."

ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ.

"ಮತ್ತೆ ಇಷ್ಟು ದಿನ ಬಾಯಿ ಮುಚ್ಕೊಂಡು ಇದ್ರಲ್ಲ."

"ಹೇಳಿದ್ರೆ ಏನಾಗುತ್ತೆ ಯೋಚನೆ ಮಾಡು. ಓಡಿಸೋಕೂ ಆಗಲ್ಲ, ಸುಮ್ಮನೆ ಕೂರೋಕೂ ಬರಲ್ಲ. ಅಂಥವನು ಇನ್ನೇನಕ್ಕೆ." ಸಾರು ಗುಟುಕರಿಸಿದರು. "ನಿನ್ನ ತಪ್ಪು ಅಂತಲೇ ಇರಲಿ ಅಂದ್ಕೊಂಡೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ನೀನು ನಡೆಯೋದೂ ನೋಡ್ಕೊಂಡು ನೋಡ್ಕೊಂಡು ನಡೆಯೋಕೆ ಶುರು ಮಾಡಿದೆ."

ಕೋಪ ಬರಬೇಕಿತ್ತು. ಬಂತು ಕೂಡ. ಆದರೆ ಅದು ಬರುವಷ್ಟರಲ್ಲಿ ಆ ಕಾಲು ಕಣ್ಣಿಗೆ ಕಟ್ಟಿತು. ನಲವತ್ತು ವರ್ಷ ಪ್ರತಿ ಕೆಂಪು ದೀಪದಲ್ಲಿ ಇಳಿದ ಕಾಲು. ಕಾಲ ಬದಲಾಗಿದೆ ಎಂದು ಕಾಲಿಗೆ ಯಾರೂ ಹೇಳಿಲ್ಲ.

"ರೀ, ಅಂದ್ರೆ ನಾನು ಬೀಳಿಸಲಿಲ್ಲ."

"ಇಲ್ಲ."

"ನಾನು ಚೆನ್ನಾಗಿ ಓಡಿಸಿದೆ."

"ಗೇರ್ ಬದಲಾಯಿಸೋದು ಒರಟು." ತಟ್ಟೆ ಪಕ್ಕಕ್ಕೆ ಸರಿಸಿ, "ಹೂಂ, ಚೆನ್ನಾಗಿ ಓಡಿಸಿದೆ."

ಮೂಲಂಗಿ ಖಾರವಿತ್ತು, ಅದಕ್ಕೇ ಕಣ್ಣಲ್ಲಿ ನೀರು. ಹಾಗೆಂದು ಇಬ್ಬರೂ ಹೇಳಿಕೊಂಡೆವು.

ಮೇ 4

ಮತ್ತೆ ಹೊಸೋಯಾ-ಸಾನ್ ಅಂಗಡಿ. ಈ ಸಲ ನಾನು ಕೇಳಿದ ಪ್ರಶ್ನೆಗೆ ಅವರ ಕಿವಿಯ ಮೇಲಿದ್ದ ಪೆನ್ಸಿಲು ಕೆಳಗೆ ಬಿತ್ತು.

"ಕಾಲು ತಾಗಬಾರದಾ?"

"ನನ್ನದು ತಾಗಬೇಕು. ಇವರದು ತಾಗಬಾರದು. ಒದ್ದಾಡಿದ್ರೂ ತಾಗಬಾರದು."

"ಅಮ್ಮಾವ್ರೇ, ಇಷ್ಟು ವರ್ಷ ವ್ಯಾಪಾರ ಮಾಡಿದೀನಿ, ಬಂದವ್ರೆಲ್ಲ ಕೇಳೋದು ಕಾಲು ತಾಗುತ್ತಾ ಅಂತ. ತಗ್ಗು ಮಾಡಿ, ಸೀಟು ಕೊರೀರಿ, ಬೂಟಿಗೆ ಅಟ್ಟೆ ಹಾಕಿ ಅಂತ. ತಾಗದೇ ಇರೋದು ಕೊಡಿ ಅಂದವ್ರು ನೀವೇ ಮೊದಲು."

ಆದರೆ ಗಮನಿಸಿದೆ — ಉತ್ತರ ನನಗೇ ಬಂತು. ಇಷ್ಟು ವಿಚಿತ್ರ ಪ್ರಶ್ನೆಯನ್ನು ಬೇರೆಯವರ ಕಡೆ ತಿರುಗಿಸಲು ಅವರಿಗೆ ತೋಚಲಿಲ್ಲ.

ಗೋದಾಮಿನಿಂದ ಒಂದನ್ನು ತಳ್ಳಿಕೊಂಡು ಬಂದರು. ಒಬ್ಬರು ಬಳಸಿದ್ದು, ಬೂದು ನೀಲಿ. ಸೋಫಾದಷ್ಟು ಭಾರವಿಲ್ಲ, ಕೊಕ್ಕರೆಯಷ್ಟು ಎತ್ತರವಿಲ್ಲ. ಮುಂದಿನ ಸೀಟು ಹೊಂಡದಂತೆ ತಗ್ಗು, ಹಿಂದಿನದು ಒಂದು ಮೆಟ್ಟಿಲು ಮೇಲೆ. ಗಾಳಿ ತಡೆಯಲು ಮುಂದೆ ಅಗಲವಾದ ಗಾಜು. ಪಕ್ಕದ ಪೆಟ್ಟಿಗೆಗಳು ಹಿಂದಕ್ಕೆ ಸರಿದಿವೆ, ಮಂಡಿಗೆ ತಾಗುವುದಿಲ್ಲ. ಮೇಲಿನ ಪೆಟ್ಟಿಗೆಗೆ ಬೆನ್ನು ಒರಗಿಸುವ ಮೆತ್ತೆ. ಭಾರ ಹೆಚ್ಚಾದಾಗ ಹಿಂದಿನ ಸ್ಪ್ರಿಂಗನ್ನು ಬಿಗಿ ಮಾಡಲು ಕೈಯಲ್ಲೇ ತಿರುಗಿಸುವ ಗುಂಡಿ — ಅಡುಗೆಮನೆಯ ಒಲೆಯ ಗುಂಡಿಯಂತೆ, 'ಗಂಡ' ಎನ್ನುವ ಗುರುತು ಮಾತ್ರ ಇಲ್ಲ.

ನಾನು ಹತ್ತಿ ಕೂತೆ. ಎರಡು ಹಿಮ್ಮಡಿಯೂ ನೆಲಕ್ಕೆ. ಗಾಡಿಯನ್ನು ನೆಟ್ಟಗೆ ಹಿಡಿದೆ.

ಇವರು ಬಂದರು. ಹ್ಯಾಂಡಲ್ಲಿನ ಕಡೆ ನೋಡಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, ಕಾಲು ದಾಟಿಸಿ, ಹಿಂದೆ ಕೂತರು.

"ಶಿಗೆ-ಸಾನ್, ಅದು ಹಿಂದಿಂದು," ಅಂದರು ಹೊಸೋಯಾ-ಸಾನ್.

"ಗೊತ್ತು. ಮಂಡಿ ಇನ್ನೂ ಸರಿಯಾಗಿಲ್ಲ."

ಕಾಲು ಇಳಿಬಿಟ್ಟು ನೋಡಿದರು. ಗಾಳಿಯಲ್ಲಿ ಒಂದು ಗೇಣು ನೇತಾಡಿತು. ಮರದ ಮೇಲೆ ಕೂತ ಹುಡುಗನ ಹಾಗೆ ಅದನ್ನು ಹಿಂದೆ ಮುಂದೆ ಆಡಿಸಿದರು. ಐದು ನಿಮಿಷ ಕೂತರು. ಮೆತ್ತೆಗೆ ಒರಗಿದರು. ಒರಗಿಯೇ ಇದ್ದರು.

"ಇಲ್ಲಿಂದ ಚೆನ್ನಾಗಿ ಕಾಣುತ್ತೆ ಕಣೆ. ನಿನ್ನ ತಲೆ ಮೇಲಿಂದ."

"ಏನು ಕಾಣುತ್ತೆ?"

"ಎದುರಿಗಿರೋದು."

ಅಷ್ಟು ಸಾಕಾಯಿತು. ಇದೇ ಎಂದೆ. ಮಂಡಿಯ ಸುಳ್ಳನ್ನು ಮಂಡಿಸಿದ್ದಕ್ಕೆ ನಾನು ಆಕ್ಷೇಪ ಎತ್ತಲಿಲ್ಲ.

ಜೂನ್ 8

ಕೂರುತ್ತಾರೆ. ಆದರೆ ಒಂದು ಷರತ್ತು — ನಮ್ಮ ಬೀದಿಯಲ್ಲಿ ಹತ್ತಿ ಕೂರುವುದಿಲ್ಲ. ನಾನು ಒಬ್ಬಳೇ ಗಾಡಿ ತೆಗೆದುಕೊಂಡು ಹೋಗಬೇಕು. ಇವರು ಹೆಲ್ಮೆಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಕಲ್ಲಂಗಡಿ ಹಣ್ಣು ಒಯ್ಯುವವರಂತೆ, ಸೇತುವೆಯ ಆಚೆಯ ಪೆಟ್ರೋಲ್ ಬಂಕಿನವರೆಗೆ ನಡೆದು ಬರುತ್ತಾರೆ. ಅಲ್ಲಿ ಹತ್ತುತ್ತಾರೆ. ಕಪ್ಪು ಗಾಜು ಇಳಿಸುತ್ತಾರೆ. ಬರುವಾಗಲೂ ಅಲ್ಲಿಯೇ ಇಳಿಯುತ್ತಾರೆ. ಕಳ್ಳ ಪ್ರೇಮಿಗಳೂ ಇಷ್ಟು ಎಚ್ಚರ ವಹಿಸುವುದಿಲ್ಲ.

ಪಕ್ಕದ ಮನೆಯಾಕೆ ಇವತ್ತು ಕೇಳಿದರು — "ನಿಮ್ಮ ಮನೆಯವ್ರಿಗೆ ಕಲ್ಲಂಗಡಿ ಅಂದ್ರೆ ಅಷ್ಟು ಇಷ್ಟನಾ?"

ಹೌದು ಎಂದೆ. ನಗಲಿಲ್ಲ. ಬೆಟ್ಟದ ದಾರಿಯಲ್ಲಿ, ಯಾರೂ ಇಲ್ಲದ ಕಡೆ, ಹಿಂದಿನಿಂದ ಏನೋ ಗುನುಗುತ್ತಾರೆ. ಎದುರಿನಿಂದ ಬೈಕಿನವರು ಬಂದು ವಾಡಿಕೆಯಂತೆ ಕೈ ಎತ್ತಿದರೆ, ಗುನುಗು ನಿಲ್ಲುತ್ತದೆ. ಕೈ ಎತ್ತುವುದಿಲ್ಲ.

ಜುಲೈನಲ್ಲಿ ಹೊಕ್ಕೈದೊ ರಸ್ತೆಯ ತುಂಬ ಬೈಕಿನವರೇ. ಎರಡು ವಾರ ಕಪ್ಪು ಗಾಜು ಇಳಿಸಿಕೊಂಡು ಕೂತರೆ ಇವರಿಗೆ ಏನು ಕಂಡೀತು... ಕೇಳಬೇಕು. ಕೇಳಲಿಲ್ಲ.

ಜುಲೈ 5, ಮಧ್ಯಾಹ್ನ, ಹಡಗಿನಲ್ಲಿ

ಅಕ್ಷರ ಸೊಟ್ಟಗೆ ಬೀಳುತ್ತಿದೆ. ಎಂಜಿನ್ನಿನ ನಡುಕ ಇರಬೇಕು. ಹಡಗಿನದು.

ಬೆಳಗ್ಗೆ ಬಂದರಿನಲ್ಲಿ ಬೈಕುಗಳ ಸಾಲು. ತುಂತುರು ಮಳೆ. ಇಪ್ಪತ್ತು ಮೂವತ್ತು ಗಾಡಿ, ಎಲ್ಲರೂ ಪಕ್ಕದಲ್ಲಿ ನಿಂತು ಪರಸ್ಪರರ ಸಾಮಾನು ಕಟ್ಟಿದ ಬಗೆಯನ್ನು ವಿಮರ್ಶಿಸುತ್ತಿದ್ದಾರೆ. ನಾವೂ ನಿಂತಿದ್ದೆವು. ಇವರು ಗಾಜು ಇಳಿಸಿದ ಹೆಲ್ಮೆಟ್ಟಿನೊಳಗೆ. ಹಳದಿ ಅಂಗಿಯ ನೌಕರ ಬಂದು ಗಟ್ಟಿಯಾಗಿ ಹೇಳಿದ:

"ಇಬ್ಬರು ಬಂದಿರೋ ಗಾಡಿಗಳಲ್ಲಿ ಓಡಿಸೋರು ಮಾತ್ರ ಗಾಡಿ ಜೊತೆ ಒಳಗೆ. ಹಿಂದೆ ಕೂರೋರು ಆ ಬಾಗಿಲಿಂದ, ನಡ್ಕೊಂಡು ಹತ್ತಬೇಕು."

ಆಮೇಲೆ ನಮ್ಮ ಹತ್ತಿರ ಬಂದು ಇವರಿಗೆ ತಲೆ ಬಾಗಿಸಿದ. "ಯಜಮಾನ್ರೇ, ಇಳಿಜಾರು ಕಬ್ಬಿಣದ್ದು, ಒದ್ದೆಯಾಗಿದೆ, ನಿಧಾನವಾಗಿ ಬನ್ನಿ. ಅಮ್ಮಾವ್ರೇ, ನೀವು ಈ ಕಡೆ."

ನಾನು ಬಾಯಿ ತೆರೆಯುವುದರಲ್ಲಿದ್ದೆ. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಮಂಡಿ ಎಂದೇ ಹೇಳುತ್ತಿದ್ದೆನೇನೋ.

ಇವರು ಹೆಲ್ಮೆಟ್ಟು ತೆಗೆದರು. ಕೂದಲು ಒಂದು ಕಡೆಗೆ ಅಂಟಿತ್ತು.

"ಗಾಡಿ ಇವಳದು. ಹಿಂದೆ ಕೂರೋನು ನಾನು."

ನೌಕರ ಪಟ್ಟಿ ನೋಡಿದ. "ಓ... ತಪ್ಪಾಯ್ತು."

"ಪರವಾಗಿಲ್ಲಪ್ಪ. ಕಣ್ಣು ಹಾಳಾಯ್ತು, ಲೈಸೆನ್ಸ್ ವಾಪಸ್ ಕೊಟ್ಟೆ. ಇವಳು ಓಡಿಸ್ತಾಳೆ. ಗೇರ್ ಒಂದು ಸ್ವಲ್ಪ ಒರಟು, ಇನ್ನೆಲ್ಲ ಚೆನ್ನಾಗಿದೆ."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮುಂದಿನ ಬೈಕಿನ ಬಿಳಿಗಡ್ಡದವರೊಬ್ಬರು ಇವರಿಗೆ ತಲೆ ಬಾಗಿಸಿದರು, ಆಳವಾಗಿ. ಇವರೂ ಬಾಗಿಸಿದರು. ನಂತರ ನನ್ನ ಕಡೆ ತಿರುಗಿ, ಬೀದಿಯಲ್ಲಿ ಎಂದೂ ಎತ್ತದ ದನಿಯಲ್ಲಿ, "ಮೇಲೆ ಸಿಗ್ತೀನಿ ಮಿನೆ. ಬ್ರೇಕು ಹಿಂದಿಂದು ಮಾತ್ರ ಹಿಡಿ" ಎಂದು ನಡೆದರು. ಹೆಲ್ಮೆಟ್ಟು ಕಂಕುಳಲ್ಲಿ, ಗಂಟಿಲ್ಲದೆ. ಗೋಡೆಯ ಅಂಚು ಕಾಣದೆ ಹೆಗಲು ತಾಗಿತು. ಸರಿಮಾಡಿಕೊಂಡು ನಡೆದರು.

ಕಬ್ಬಿಣದ ಇಳಿಜಾರು ಒಬ್ಬಳೇ ಹತ್ತಿದೆ. ಹಿಂದೆ ಯಾರೂ ಇಲ್ಲದಿದ್ದರೆ ಗಾಡಿ ಹಗುರ. ಹಗುರವಾಗಿರುವುದು ಅಷ್ಟೇನೂ ಚೆನ್ನಾಗಿಲ್ಲ ಎಂದು ಆಗ ಗೊತ್ತಾಯಿತು. 'ನಾನು ನಿನಗೆ ಭಾರ' ಎಂದು ಅವರು ಎಂದಾದರೂ ಅಂದರೆ, ಆಭಾರಿ ಎಂದುಬಿಡಬೇಕು.

ಮೆಟ್ಟಿಲು ಹತ್ತಿ ಹಡಗಿನ ಹಜಾರಕ್ಕೆ ಬಂದರೆ, ನಡೆದು ಹತ್ತಿದ ಹಿಂಬದಿಯವರೆಲ್ಲ ಕಿಟಕಿಯ ಹತ್ತಿರ ಗುಂಪಾಗಿ ಕೂತಿದ್ದಾರೆ. ಎಲ್ಲರೂ ಹೆಂಗಸರು. ನಡುವೆ ಇವರು. ಭಾಷಣ ನಡೆಯುತ್ತಿದೆ.

"ಸೀಟು ಒಂದು ಮೆಟ್ಟಿಲು ಮೇಲಿರಬೇಕು ಅಕ್ಕೋರೆ. ಇಲ್ಲಾಂದ್ರೆ ಗಂಡಸಿನ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ."

"ನಂಗೆ ಇಪ್ಪತ್ತು ವರ್ಷದಿಂದ ಅದೇ ಕಾಣ್ತಿರೋದು," ಎಂದರು ಒಬ್ಬಾಕೆ.

"ಕೂತಲ್ಲಿ ಉರಿ ಬರುತ್ತಲ್ಲ, ಅದಕ್ಕೇನು ಮಾಡ್ತೀರಿ?" ಎಂದು ಇನ್ನೊಬ್ಬರು. ಇವರು ಉತ್ತರ ಹೇಳಿದರು, ಅದು ದಿನಚರಿಯಲ್ಲೂ ಬರೆಯುವಂಥದ್ದಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಲವತ್ತು ವರ್ಷ ಮುಂದೆ ಕೂತು ಒಂದೇ ಒಂದು ಸಲ ಹಿಂದಿನವರ ಕಷ್ಟ ಕೇಳದವರು...

ಈಗ ನಕಾಶೆ ಹರಡಿದ್ದಾರೆ. ಇವರು ಮೂಗು ತಾಗುವಷ್ಟು ಬಗ್ಗಿದ್ದಾರೆ. ಬಾ ಎಂದು ಕೈ ಬೀಸುತ್ತಿದ್ದಾರೆ. ಒಟಾರುವಿನಿಂದ ಒಳದಾರಿಯೋ ಕಡಲ ದಾರಿಯೋ ಎಂದು ಹಿಂದಿನವರೆಲ್ಲ ಸೇರಿ ಮುಂದಿನ ದಾರಿ ತೀರ್ಮಾನಿಸಿಬಿಟ್ಟಿದ್ದಾರಂತೆ, ಓಡಿಸುವವರು ಬಂದು ಒಪ್ಪಿಗೆ ಕೊಡುವುದಷ್ಟೇ ಬಾಕಿ ಅಂತೆ. ಬರುತ್ತೇನೆ ಎಂದರೆ ಕೇಳುತ್ತಿಲ್ಲ, ಎದ್ದು ಬಂದು ನನ್ನ ಪೆನ್ನಿಗೇ ಕೈ ಹಾ—